ಉಸುಕಿನ ಪಾಲು

ಒಣಗಿದ ಹೊಂಗೆ ಸಸಿಯ ತುದಿಯೆಲೆಗೂ ಕೆಸರು ಮೆತ್ತಿತ್ತು. ಉಗುರಿನಿಂದ ಕೆರೆದೆ. ಒಳಗೆ ತೊಗಟೆ ಕಪ್ಪಾಗಿತ್ತು. ಪಕ್ಕದ ಸಸಿಯೂ ಹಾಗೆಯೇ, ಅದರ ಪಕ್ಕದ್ದೂ.

ಅದು ದೇವದುರ್ಗ ತಾಲೂಕಿನ ಕೃಷ್ಣಾ ದಂಡೆ. ರಾಯಚೂರಿನಲ್ಲಿ ನಾನು ಕೆಲಸ ಮಾಡುವ ಸಣ್ಣ ಸಂಸ್ಥೆ ಎರಡು ರಾಜ್ಯಗಳು ಸೇರಿ ನಡೆಸುವ ಯೋಜನೆಯೊಂದರಲ್ಲಿ ಪಾಲು ಪಡೆದಿತ್ತು. ಪಕ್ಕದ ರಾಜ್ಯದಲ್ಲಿ ಹೊಳೆ ಸಮುದ್ರ ಸೇರುವ ಕಡೆ ಚಂಡಮಾರುತದ ಹೊಡೆತ ತಡೆಯಲು ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡು ಬೆಳೆಸುವುದು, ಮೇಲೆ ನಮ್ಮಲ್ಲಿ ದಂಡೆ ಕುಸಿಯದಂತೆ ಗಿಡ ನೆಡುವುದು. ಹಣ ಒಂದೇ ಕಡೆಯಿಂದ ಬರುತ್ತಿತ್ತು. ಕೆಲಸದ ಕ್ರಮವೂ ಒಂದೇ, ಅದನ್ನು ಬರೆದದ್ದು ಕರಾವಳಿಯನ್ನು ಕಣ್ಣ ಮುಂದಿಟ್ಟುಕೊಂಡು. ನೀರು ಏರಿ ಇಳಿಯುವ ಜಾಗದಲ್ಲೇ ನೆಡಬೇಕು ಎಂದಿತ್ತು. ಸಮುದ್ರದಲ್ಲಿ ಏರಿದ ನೀರು ಅದೇ ದಿನ ಇಳಿಯುತ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ ಅಣೆಕಟ್ಟೆಯಿಂದ ಬಿಟ್ಟ ನೀರು ವಾರಗಟ್ಟಲೆ ನಿಂತಿತು. ಮಾನ್ವಿಯ ನರ್ಸರಿಯಿಂದ ತಂದ ಸಸಿಗಳೆಲ್ಲ ಅದರಡಿಯಲ್ಲೇ ಸತ್ತವು.

ನಾವು ಬೇಲಿ ಹಾಕಿದ ಜಾಗ ಬೀಳು ನೆಲವಾಗಿರಲಿಲ್ಲ. ಹೊಳೆ ಇಳಿದ ಮೇಲೆ ಆ ಊರಿನ ಕೆಲವು ಮನೆಯವರು ಉಸುಕಿನಲ್ಲಿ ಕುಣಿ ತೋಡಿ, ಗೊಬ್ಬರ ಹಾಕಿ, ಸೌತೆ, ಕಲ್ಲಂಗಡಿ ಬೆಳೆಯುತ್ತಾರೆ. ಪಟ್ಟಾ ಯಾರಿಗೂ ಇಲ್ಲ. ಯಾರ ಪಾಲು ಎಲ್ಲಿಯವರೆಗೆ ಎಂಬುದು ಊರಿಗೆಲ್ಲ ಗೊತ್ತು. ಒಂದು ಪಾಲಿನಲ್ಲಿ ಸತತ ಎರಡು ಬೇಸಿಗೆ ಬೀಜ ಬೀಳದಿದ್ದರೆ ಅದು ಪಕ್ಕದ ಮನೆಗೆ ಸೇರುತ್ತದೆ. ನಮ್ಮ ಬೇಲಿ ಬಿದ್ದದ್ದು ಒಬ್ಬಾಕೆಯ ಪಾಲಿಗೆ. ಗಿಡ ಕಾಯುವ ಪಗಾರ ಸಿಗುತ್ತದೆಂದು ಆಕೆ ಒಪ್ಪಿದ್ದಳು. ಒಂದು ಬೇಸಿಗೆ ಆಗಲೇ ಹಾಗೆ ಕಳೆದಿತ್ತು.

ಸತ್ತ ಸಸಿಗಳ ನಡುವೆ ನನ್ನ ಜೊತೆ ನಡೆಯುತ್ತ ಆಕೆ ಅಂದಳು, “ನಿಮ್ಮ ಸಮುದ್ರದ ಮಂದಿ ಒಮ್ಮೆರ ಬಂದು ಈ ನೀರಾಗ ಕುಂತು ನೋಡ್ಲಿ.”

“ಸಮುದ್ರ ನಂದಲ್ಲ ಯಕ್ಕಾ, ನಂದು ರಾಯಚೂರು.”

“ಹಂಗಾದ್ರ ನೀನ ಕುಂದ್ರು.” ನಕ್ಕಳು. ಆಮೇಲೆ ದನಿ ತಗ್ಗಿಸಿದಳು. “ಸಂಕ್ರಾಂತಿಯೊಳಗ ಬೀಜ ಬೀಳಬೇಕವ್ವ. ಈ ಸಲನೂ ಬಿಟ್ರ ಬಾಜೂ ಮನಿಯವ್ರದಾಗ್ತದ. ಅವ್ರು ಕೆಟ್ಟೋರಲ್ಲ. ರೀತಿ ಹಂಗದ.”

ಆ ವಾರವೇ ರಾಯಚೂರಿನಲ್ಲಿ ಎರಡೂ ಕಡೆಯವರ ಸಭೆ ಇತ್ತು. ಕರಾವಳಿಯಿಂದ ಬಂದಿದ್ದ ಮೀನುಗಾರ ಹೆಂಗಸೊಬ್ಬಳು ಚಂಡಮಾರುತಕ್ಕೆ ತಮ್ಮ ಸಸಿಗಳೂ ದೋಣಿಗಳೂ ಕೊಚ್ಚಿಹೋದದ್ದನ್ನು ತೆಲುಗಿನಲ್ಲಿ ಹೇಳಿದಳು. ಕನ್ನಡಕ್ಕೆ ತಂದವಳು ನಾನೇ. ಹೇಳುತ್ತ ಹೇಳುತ್ತ ಆಕೆಯ ಮಾತೇ ಸರಿ ಎನ್ನಿಸತೊಡಗಿತು. ಊಟದ ಹೊತ್ತಿಗೆ ಆಕೆ ಒಣ ಸೀಗಡಿಯ ಪೊಟ್ಟಣವೊಂದನ್ನು ನನ್ನ ಕೈಗಿಟ್ಟಳು. ನಮ್ಮ ಮನೆಯ ಹೊಸ್ತಿಲು ದಾಟುವ ವಸ್ತುವಲ್ಲ ಅದು. ಬೇಡವೆನ್ನದೆ ಚೀಲಕ್ಕೆ ಹಾಕಿಕೊಂಡೆ.

ಮಧ್ಯಾಹ್ನ ತೀರ್ಮಾನವಾಯಿತು. ಈ ವರ್ಷದ ಹಣವೆಲ್ಲ ಕರಾವಳಿಗೆ. ನಮ್ಮ ಭಾಗವನ್ನು ಮುಂದಿನ ಮಳೆಗಾಲದ ನಂತರದ ಸಭೆಯಲ್ಲಿ ನೋಡುವುದು. ಅಲ್ಲಿಯವರೆಗೆ ಕಾಯುವ ಪಗಾರ ಇಲ್ಲ, ಬೇಲಿ ಮಾತ್ರ ಇರಬೇಕು.

ಹೊರಗೆ ಬಂದ ಮೇಲೆ ನಮ್ಮ ಸಂಸ್ಥೆಯ ಮುಖ್ಯಸ್ಥರಿಗೆ ಎರಡು ಬೇಸಿಗೆಯ ರೀತಿಯನ್ನು ವಿವರಿಸಿದೆ.

“ಬೇಲಿ ತಗದ್ರ ನಮ್ಮ ಜಾಗ ಹೋತು ಅಂತ ರೊಕ್ಕ ಕೊಡೋರು ಬರ್ಕೋತಾರಮ್ಮ. ಮುಂದ ಒಂದು ಪೈಸಾನೂ ಬರಂಗಿಲ್ಲ.”

“ಬೇಲಿ ಇದ್ರ ಆಕಿದು ಹೋಗ್ತದ ಸರ್.”

ಅವರು ಸ್ಕೂಟರ್‌ನ ಸೀಟು ಒರೆಸುತ್ತ ನಿಂತರು.

ಸಂಜೆ ಉಸುಕಿನ ಪಾಲಿನವಳೇ ಫೋನ್ ಮಾಡಿದಳು.

“ಏನಂದ್ರು?”

“ಬೇಲಿ ಇರಲಿ ಅಂದ್ರು.”

“ಪಗಾರ?”

“ಇಲ್ಲ ಯಕ್ಕಾ.”

“ಸತ್ತ ಗಿಡಾನ ಬಿಟ್ಟಿ ಕಾಯಬೇಕೇನು ನಾನು?” ಎಂದಳು. ಸಿಟ್ಟಿರಲಿಲ್ಲ, ತಿಳಿದುಕೊಳ್ಳಲು ಕೇಳಿದ ಹಾಗಿತ್ತು. ಫೋನ್ ಇಟ್ಟೆ. ಅವ್ವ ಊಟಕ್ಕೆ ಕರೆದಳು. ತಟ್ಟೆಯ ಮುಂದೆ ಕೂತೆ. ಬೇಲಿ ಉಳಿದು ಮುಂದೊಮ್ಮೆ ಹಣ ಬಂದರೆ ಆ ದಂಡೆ ಉಳಿಯಬಹುದು, ಬಾರದೆಯೂ ಹೋಗಬಹುದು. ಆಕೆಯ ಪಾಲು ಹೋಗುವುದಂತೂ ಖಂಡಿತ. ಎರಡನ್ನೂ ತೂಗಿ ನೋಡುವಷ್ಟು ದೊಡ್ಡವಳು ನಾನಲ್ಲ ಎಂದೂ ಅನ್ನಿಸಿತು.

ಮರುದಿನ ಬೆಳಿಗ್ಗೆ ದೇವದುರ್ಗದ ಮೊದಲ ಬಸ್ಸು ಹತ್ತಿದೆ. ಬಸ್ಸಿನಿಂದಲೇ ಮುಖ್ಯಸ್ಥರಿಗೆ ಫೋನ್ ಮಾಡಿ, “ಬೇಲಿ ಬಿಚ್ಚಾಕ ಹೊಂಟೀನಿ ಸರ್” ಎಂದೆ. “ನಾ ಹೇಳಿದ್ದಲ್ಲ ಅದು” ಎಂದರು. “ಹೌದ್ರಿ, ನಾನ ಮಾಡಿದ್ದು ಅಂತ ಬರಕೊಡ್ತೀನಿ” ಎಂದೆ. ದೇವದುರ್ಗದಲ್ಲಿ ಬಸ್ಸು ಬದಲಿಸಿ ಊರು ಸೇರಿದಾಗ ಆಕೆ ರೊಟ್ಟಿ ಬಡಿಯುತ್ತಿದ್ದಳು. ಇಕ್ಕಳ ಕೇಳಿದೆ. ಪಕ್ಕದ ಮನೆಯಿಂದ, ಆ ಪಾಲು ಸೇರಬೇಕಿದ್ದ ಮನೆಯಿಂದಲೇ, ತಂದುಕೊಟ್ಟಳು. ಹೊಳೆಯ ಕಡೆಯ ಕಂಬದಿಂದ ಶುರುಮಾಡಿ ಒಂದೊಂದೇ ತಂತಿ ಬಿಚ್ಚಿದೆವು. ಕೊನೆಯ ಕಂಬದ ತಂತಿ ತುಕ್ಕು ಹಿಡಿದಿತ್ತು. ಅದನ್ನು ನಾನೇ ಕತ್ತರಿಸಿದೆ.