ಹೆಲ್ಮೆಟ್ಟಿನೊಳಗಿನ ಸಾರು

ನಮ್ಮ ಹುಣಸೂರು ಸೀಮೆಯಲ್ಲಿ ಹೆಲ್ಮೆಟ್ಟಿಗೆ ತಲೆ ಕಾಯುವುದೊಂದನ್ನು ಬಿಟ್ಟು ಮಿಕ್ಕೆಲ್ಲ ಕೆಲಸವೂ ಇದೆ. ಸಂತೆಯಿಂದ ಮೊಟ್ಟೆ ಅದರಲ್ಲೇ ಬರುತ್ತದೆ, ಹೊಲದಿಂದ ಅವರೆಕಾಯಿ ಅದರಲ್ಲೇ ಬರುತ್ತದೆ. ಪೊಲೀಸರು ನಿಲ್ಲುವ ಸರ್ಕಲ್ಲು ಹತ್ತಿರವಾದರೆ ತಲೆಗೇರುತ್ತದೆ, ದಾಟಿದ ಕೂಡಲೇ ತೋಳಿಗೆ ಇಳಿಯುತ್ತದೆ. ನಮ್ಮ ಯಜಮಾನರು ಅದರಲ್ಲಿ ಬೀಗರ ಊಟದ ಸಾರು ತರುತ್ತಿದ್ದರು.

ಮದುವೆಯಾದ ಮೇಲೆ ಎರಡೂ ಕಡೆಯವರು ಕೂತು ಮಾಂಸದೂಟ ಮಾಡುವ ದಿನ ಅದು. ಗಂಡಸರಿಗೆ ಮನೆಯ ಹಿಂದೆ ಬಾಟಲಿಯ ಏರ್ಪಾಡು ಬೇರೆ. ಅದಿಲ್ಲದಿದ್ದರೆ ಬೀಗರಿಗೆ ಮರ್ಯಾದೆ ಮಾಡಲಿಲ್ಲ ಎಂಬ ಮಾತು ಊರೆಲ್ಲ ಸುತ್ತುತ್ತದೆ. ಕುಡಿಸುವುದು ಮರ್ಯಾದೆಯಂತೆ, ಕುಡಿದವನು ಮನೆ ಸೇರುವುದು ಅವನ ಹಣೆಬರಹವಂತೆ!

ಕಟ್ಟೆಮಳಲವಾಡಿಯ ನಮ್ಮ ಮನೆಯಲ್ಲಿ ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಹೊರಡುವಂತಿಲ್ಲ. ಸೊಪ್ಪು ಹದಮಾಡುವ ಮನೆಯಾದ ಬ್ಯಾರನ್ನಿನ ಬೆಂಕಿ ನೋಡಿಕೊಳ್ಳಲು ಒಬ್ಬರು ಉಳಿಯಬೇಕು. ಉಳಿಯುವವಳು ನಾನು. ನನ್ನ ಪಾಲಿನ ಸಾರನ್ನು ಅವರು ಸ್ಟೀಲ್ ಬಾಕ್ಸಿಗೆ ತುಂಬಿಸಿ, ಟವೆಲು ಸುತ್ತಿ, ಹೆಲ್ಮೆಟ್ಟಿನೊಳಗೆ ಕೂರಿಸಿ, ತೋಳಿಗೆ ನೇತುಹಾಕಿಕೊಂಡು ಬರುತ್ತಿದ್ದರು. ನಾನು ಬೈದರೆ ನಗುತ್ತಿದ್ದರು.

"ತಲೆ ಒಡುದ್ರೆ ಡಾಕ್ಟ್ರು ಒಲಿಗೆ ಆಕ್ತಾರೆ ಕಣಮ್ಮಿ. ಸಾರು ಚೆಲ್ಲುದ್ರೆ ಯಾರು ಎತ್ಕೊಟ್ಟಾರು?"

ನಾನೂ ನಗುತ್ತಿದ್ದೆ. ಅವರು ಕ್ರಾಪು ತೀಡಿಕೊಳ್ಳುತ್ತಿದ್ದ ರೀತಿ ನೋಡಿದರೆ ಹೆಲ್ಮೆಟ್ಟು ಹಾಕದಿರಲು ಸಾರು ಬರೀ ನೆವ ಅನ್ನಿಸುತ್ತಿತ್ತು. ಊರ ಮುಂದಿನ ಕಾಲುವೆಯ ಚಾನಲ್ ಏರಿಯ ಹತ್ತಿರ ಬಂದಾಗ ಎರಡು ಸಲ ಹಾರ್ನ್ ಹೊಡೆಯುವರು. ಅದು ಕೇಳಿದರೆ ನಾನು ಮುದ್ದೆಗೆ ಎಸರಿಡುತ್ತಿದ್ದೆ. ಬೆಂಕಿಯ ಮುಂದೆ ಕೂತು ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದೆವು. ಆಗಲೇ ಹೊಟ್ಟೆ ತುಂಬ ಉಂಡು ಬಂದವರು, ನನ್ನ ಜೊತೆ ಮತ್ತೆ ಉಣ್ಣುತ್ತಿದ್ದರು.

ಒಂದು ಸಂಜೆ ಹಾರ್ನ್ ಕೇಳಿಸಲಿಲ್ಲ. ರಾವಂದೂರು ಕಡೆಯ ಬೀಗರ ಊಟದಲ್ಲಿ ಕುಡಿದು ಬರುತ್ತಿದ್ದ ಅವರು, ರಸ್ತೆ ಬದಿಗೆ ನಿಂತಿದ್ದ ಟ್ರ್ಯಾಕ್ಟರಿನ ಟ್ರೈಲರಿಗೆ ಹೊಡೆದಿದ್ದರು. ಇನ್ನೂ ಬೆಳಕಿತ್ತು. ಮೈಮೇಲೆ ಹೆಚ್ಚು ಗಾಯವಿರಲಿಲ್ಲ, ಪೆಟ್ಟೆಲ್ಲ ತಲೆಗೇ. ಹೆಲ್ಮೆಟ್ಟು ಹುಲ್ಲಿನಲ್ಲಿ ಬಿದ್ದಿತ್ತು. ಯಾರೋ ತಂದು ನನ್ನ ಮುಂದಿಟ್ಟರು. ಮೇಲೆಲ್ಲ ಗೀರು, ಒಳಗೆ ಬಾಕ್ಸು ಇಟ್ಟ ಹಾಗೇ ಇತ್ತು. ಒಂದು ತೊಟ್ಟೂ ಚೆಲ್ಲಿರಲಿಲ್ಲ. ಪಾಪ, ಹೆಲ್ಮೆಟ್ಟಿನದೇನು ತಪ್ಪು? ಒಳಗೆ ಇಟ್ಟದ್ದನ್ನು ಅದು ಕಾಪಾಡಿತ್ತು.

ಆಮೇಲೆ ಎಷ್ಟೋ ಸಲ ಬ್ಯಾರನ್ನಿಗೆ ಬೆಂಕಿ ಹಾಕಿದ್ದೇನೆ. ಯಾರದೋ ಬೈಕು ಚಾನಲ್ ಏರಿಯಲ್ಲಿ ಹಾರ್ನ್ ಹೊಡೆದರೆ ಇವತ್ತಿಗೂ ನನ್ನ ಕೈ ಎಸರಿನ ಪಾತ್ರೆಯ ಕಡೆ ಹೋಗುತ್ತದೆ. ಹೋದವರು ಬರುವುದಿಲ್ಲ ಎಂದು ನನಗೆ ಗೊತ್ತು, ಕೈಗೆ ಗೊತ್ತಿಲ್ಲ.

ಈ ವರ್ಷ ಮಗಳ ಮದುವೆಯಾಯಿತು. ನಮ್ಮ ಮನೆಯಲ್ಲೇ ಬೀಗರ ಊಟ. ಬಾಟಲಿ ಬೇಡವೆಂದೆ. ನನ್ನ ಮಾತು ಯಾರು ಕೇಳುತ್ತಾರೆ, ತರುವವರು ತಂದೇ ತಂದರು. ಸಂಜೆ ಅಳಿಯ ಮಗಳನ್ನು ನಮ್ಮಲ್ಲೇ ಬಿಟ್ಟು ಒಬ್ಬರೇ ಬೈಕಿನಲ್ಲಿ ಪಿರಿಯಾಪಟ್ಟಣದ ಕಡೆಯ ತಮ್ಮೂರಿಗೆ ಹೊರಟು ನಿಂತರು. ಕಣ್ಣು ಕೆಂಪಾಗಿತ್ತು. ಅವರ ತಾಯಿ ಬ್ಯಾರನ್ ಬಿಟ್ಟು ಬರಲಾಗದೆ ಊರಲ್ಲೇ ಉಳಿದಿದ್ದರು. ಅವರಿಗೆಂದು ನನ್ನ ಮಗಳೇ ಬಾಕ್ಸಿಗೆ ಸಾರು ತುಂಬಿಸಿದಳು. ಅಳಿಯ ಅದನ್ನು ತೆಗೆದುಕೊಂಡು ಹೆಲ್ಮೆಟ್ಟಿನೊಳಗೆ ಕೂರಿಸಿದರು.

ಬೀಗರೆಲ್ಲ ಜಗಲಿಯಲ್ಲಿ ಕೂತಿದ್ದರು. ಅತ್ತೆಯಾದವಳು ಅಳಿಯನಿಗೆ ಎದುರು ನಿಂತು ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ. ನಾನು ಬೈಕಿನ ಮುಂದೆ ಹೋಗಿ ಕೈ ಚಾಚಿದೆ.

"ಕೀ ಕೊಡಿ. ಬೆಳಗೆದ್ದು ಓಗೀರಂತೆ."

"ಅವ್ವ, ಎಲ್ರೂ ನೋಡ್ತಾವ್ರೆ, ಸುಮ್ಕಿರು," ಎಂದು ಮಗಳು ಸೆರಗು ಎಳೆದಳು.

"ನೋಡ್ಲಿ ಬುಡು."

ಅಳಿಯನ ಮುಖ ಬಿಗಿಯಿತು. "ನಮ್ಮವ್ವ ಕಾಯ್ತಾ ಇರ್ತಾಳೆ ಅತ್ತೆ. ಸಾರು ತತ್ತೀನಿ ಅಂದಿವ್ನಿ."

"ಕಾಯ್ತಾ ಇರ್ತಾರೆ, ನಂಗೊತ್ತು. ಅವ್ರು ಕಾಯೋದು ಸಾರಿಗಲ್ಲ ಕಣಪ್ಪ."

ಮಗಳು ಹೆಲ್ಮೆಟ್ಟಿನ ಕಡೆ ನೋಡಿದಳು. ಆಗ ಅವಳಿಗೂ ಅಪ್ಪನ ನೆನಪಾಗಿರಬೇಕು, ಸೆರಗು ಬಿಟ್ಟಳು. ಅಳಿಯ ಕೀಯನ್ನು ನನ್ನ ಅಂಗೈಯಲ್ಲಿ ಇಟ್ಟರು. ತಾಯಿಗೆ ಫೋನು ಮಾಡಿ ನಾಳೆ ಬರುವೆನೆಂದರು.

ಬೆಳಿಗ್ಗೆ ಬಾಕ್ಸನ್ನು ಚೀಲಕ್ಕೆ ಹಾಕಿ ಬೈಕಿಗೆ ಕಟ್ಟಿಕೊಟ್ಟೆ. ಅಳಿಯ ಹೆಲ್ಮೆಟ್ಟನ್ನು ತಲೆಗೆ ಹಾಕಿಕೊಂಡರು. ಮಗಳು ಹತ್ತಿರ ಹೋಗಿ, ಗಂಡನ ಗದ್ದದ ಕೆಳಗೆ ಬೆರಳು ತೂರಿಸಿ, ಪಟ್ಟಿ ಬಿಗಿಮಾಡಿ ಕ್ಲಿಪ್ಪು ಒತ್ತಿದಳು. ಟಕ್ ಎಂದಿತು. ಅಳಿಯ ನಾಚಿಕೊಂಡು ನಕ್ಕರು.

ನಾನು ಅಡುಗೆಮನೆಗೆ ಬಂದುಬಿಟ್ಟೆ. ಅಷ್ಟು ವರ್ಷದ ಸಂಸಾರದಲ್ಲಿ ನಮ್ಮ ಯಜಮಾನರ ತಲೆಗೆ ಎಣ್ಣೆ ಹಚ್ಚಿದ್ದೇನೆ, ಬೆನ್ನು ಉಜ್ಜಿದ್ದೇನೆ, ಆ ಪಟ್ಟಿಯನ್ನು ಮಾತ್ರ ಒಮ್ಮೆಯೂ ಹಾಕಿದವಳಲ್ಲ. ಒಂದೇ ಒಂದು ಸಲ ಅವರ ಗದ್ದದ ಕೆಳಗೆ ನನ್ನ ಬೆರಳಲ್ಲಿ ಅದನ್ನು ಹಾಕಬೇಕು ಅನ್ನಿಸಿ, ಒಲೆಯ ಮುಂದೆ ಕೂತು ಅತ್ತುಬಿಟ್ಟೆ.