ತೊಟ್ಟಿಯ ಪಕ್ಕದ ಕಂಬಿ

ಎಡಗಾಲಿನ ಚಪ್ಪಲಿ ಕಳಚಿ ಬಿದ್ದದ್ದು ನನಗೆ ತಿಳಿಯಲಿಲ್ಲ. ಪತ್ರಿಕಾ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದೆ. ಹಿಂದೆ ಬರುತ್ತಿದ್ದ ಪ್ರೂಫ್ ರೀಡರ್ ಅದನ್ನು ಎತ್ತಿಕೊಂಡು ಬಂದು ನನ್ನ ಮೇಜಿನ ಕೆಳಗಿಟ್ಟು, "ಏನ್ ಸಾರ್, ಆಫೀಸನ್ನ ದೇವಸ್ಥಾನ ಅಂದ್ಕೊಂಡ್ರಾ?" ಎಂದ. ಇಬ್ಬರೂ ನಕ್ಕೆವು. ನಾನು ಜಿಲ್ಲಾ ಸುದ್ದಿಗಳ ಪುಟ ನೋಡುವ ಉಪಸಂಪಾದಕ. ಆ ದಿನದ ಪುಟ ಮುಗಿಸಿಯೇ ಮನೆಗೆ ಹೊರಟೆ.

ಅದು ಮಂಗಳವಾರ. ಬುಧವಾರ ಅಂಗಾಲುಗಳಲ್ಲಿ ಜುಮುಗುಟ್ಟುವಿಕೆ. ಗುರುವಾರ ಬಸ್ಸಿನಿಂದ ಇಳಿಯುವಾಗ ಮೊಣಕಾಲು ತಾನಾಗಿ ಮಡಿಸಿಕೊಂಡಿತು. ಶುಕ್ರವಾರ ಬೆಳಿಗ್ಗೆ ಮಂಚದಿಂದ ಎದ್ದು ನಿಲ್ಲಲು ಹೋದೆ.

ಕಾಲುಗಳು ಇರಲಿಲ್ಲ.

ಇದ್ದವು, ಕಣ್ಣಿಗೆ ಕಾಣುತ್ತಿದ್ದವು. ಹೇಳಿದ ಮಾತು ಕೇಳುತ್ತಿರಲಿಲ್ಲ ಅಷ್ಟೆ.

ಆಸ್ಪತ್ರೆಯಲ್ಲಿ ಡಾಕ್ಟರು ರಬ್ಬರ್ ಸುತ್ತಿಗೆಯಿಂದ ಮಂಡಿಗೆ ಬಡಿದರು. ಏನೂ ಆಗಲಿಲ್ಲ. ಬೆನ್ನಿಗೆ ಸೂಜಿ ಚುಚ್ಚಿ ಲಂಬರ್ ಪಂಕ್ಚರ್ ಮಾಡಿದರು. "ಪಾಲಿನ್ಯುರೈಟಿಸ್" ಎಂದರು. ನರಗಳ ಮೇಲಿನ ಹೊದಿಕೆ ಕೆಟ್ಟಿದೆ, ತಾನಾಗಿಯೇ ಸರಿಹೋಗಬೇಕು, ಎಷ್ಟು ಕಾಲ ಬೇಕೆಂದು ಹೇಳಲು ಬರುವುದಿಲ್ಲ. ಅವರ ಭಯವೆಲ್ಲ ಉಸಿರಾಟದ ಬಗ್ಗೆ ಇತ್ತು. ದಿನಾ ಬೆಳಿಗ್ಗೆ ವಾರ್ಡಿಗೆ ಬಂದು, ಒಂದೇ ಉಸಿರಿನಲ್ಲಿ ಎಷ್ಟು ಎಣಿಸುತ್ತೀರಿ ನೋಡೋಣ ಎನ್ನುವರು. ಮೊದಲ ದಿನ ಮೂವತ್ತೆರಡರವರೆಗೆ ಎಣಿಸಿದೆ. ಐದನೆಯ ದಿನ ಹದಿನಾಲ್ಕಕ್ಕೆ ನಿಂತೆ. ಹೆಂಡತಿ ಗಿರಿಜಾ ಕಿಟಕಿಯ ಕಡೆ ತಿರುಗಿ ನಿಂತಿದ್ದಳು. ಅವಳೂ ಎಣಿಸುತ್ತಿದ್ದಳೆಂದು ಆಮೇಲೆ ಗೊತ್ತಾಯಿತು.

ಹದಿನಾಲ್ಕರಿಂದ ಕೆಳಗಿಳಿಯಲಿಲ್ಲ. ನನ್ನ ಅದೃಷ್ಟ ಅಷ್ಟಿತ್ತು.

ಮೊದಲ ವಾರ ಕಚೇರಿಯವರು ಮೂಸಂಬಿ ಹಿಡಿದುಕೊಂಡು ಬಂದರು. ಎರಡನೆಯ ವಾರ ಇಬ್ಬರು. ಆಮೇಲೆ ಯಾರೂ ಬರಲಿಲ್ಲ. ತುರ್ತು ಪರಿಸ್ಥಿತಿ, ಪುಟಗಳನ್ನು ಸೆನ್ಸಾರಿಗೆ ಕಳಿಸಿ ಕಾಯುವ ದಿನಗಳು ಅವು, ಯಾರಿಗೂ ಪುರುಸೊತ್ತಿರಲಿಲ್ಲ. ದೂರುತ್ತಿಲ್ಲ. ಹತ್ತೊಂಬತ್ತು ವರ್ಷಗಳ ನೌಕರಿಯಲ್ಲಿ ನಾನೂ ಯಾರ ಹಾಸಿಗೆಯ ಪಕ್ಕದಲ್ಲೂ ಎರಡನೇ ಸಲ ಹೋಗಿ ಕೂತವನಲ್ಲ.

ಎರಡು ತಿಂಗಳಾದ ಮೇಲೆ ಮನೆಗೆ ಕಳಿಸಿದರು. ಬಸವೇಶ್ವರನಗರದ ಅಂಚಿನಲ್ಲಿ, ಕುರುಬರಹಳ್ಳಿಗೆ ತಾಗಿದಂತೆ ನಮ್ಮ ಮನೆ. ಆಚೀಚೆ ಇನ್ನೂ ಖಾಲಿ ಸೈಟುಗಳು. ನಮಗೆ ಮಕ್ಕಳಿಲ್ಲ. ಗಿರಿಜಾ ರಾಜಾಜಿನಗರದ ಶಾಲೆಯಲ್ಲಿ ಟೀಚರು. ಒಂಬತ್ತೂವರೆಗೆ ಹೊರಟರೆ ಮರಳುವುದು ಐದಕ್ಕೆ. ಹೋಗುವ ಮುಂಚೆ ನೀರಿನ ತಂಬಿಗೆ, ಫ್ಲಾಸ್ಕು, ಮುಚ್ಚಿದ ತಟ್ಟೆ, ಪತ್ರಿಕೆ, ಎಲ್ಲವನ್ನೂ ಕೈಗೆಟುಕುವಂತೆ ಸಾಲಾಗಿ ಇಟ್ಟು ಹೋಗುತ್ತಿದ್ದಳು. ಪತ್ರಿಕೆಯಲ್ಲಿ ನನ್ನ ಪುಟ ನಾನಿಲ್ಲದೆಯೇ ಬರುತ್ತಿತ್ತು. ತಪ್ಪುಗಳಿಗೆ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದೆ. ಆ ಗುರುತುಗಳನ್ನು ಯಾರಿಗೆ ಕಳಿಸುವುದು? ಹನ್ನೊಂದು ಗಂಟೆಗೆಲ್ಲ ಓದು ಮುಗಿಯುತ್ತಿತ್ತು. ಹನ್ನೊಂದರಿಂದ ಐದರವರೆಗೆ ಎಷ್ಟು ದೂರವಿದೆ ಎಂಬುದು ನಡೆಯಬಲ್ಲವರಿಗೆ ಗೊತ್ತಿರುವುದಿಲ್ಲ.

ಬಲಗಾಲಿಗೆ ಮೊದಲು ಜೀವ ಬಂತು. ಹಿಡಿದುಕೊಂಡರೆ ನಿಲ್ಲುತ್ತಿದ್ದೆ, ನಡೆಯಲಾಗುತ್ತಿರಲಿಲ್ಲ. ಆಸ್ಪತ್ರೆಯ ಫಿಸಿಯೋಥೆರಪಿಯ ಮೇಡಂ ಕಾಲುಗಳನ್ನು ಮಡಿಸಿ, ಚಾಚಿ, ಕೊನೆಗೆ ಹೇಳಿದರು: "ನಿಮಗೆ ನೀರಲ್ಲಿ ನಡೆಯೋ ಎಕ್ಸರ್ಸೈಜ್ ಆಗಬೇಕು. ಎದೆಮಟ್ಟ ನೀರಲ್ಲಿ ಮೈಭಾರ ಕಮ್ಮಿ ಆಗುತ್ತೆ, ಕಾಲು ಧೈರ್ಯ ಮಾಡುತ್ತೆ. ಇಲ್ಲಿ ಆ ಸೌಕರ್ಯ ಇಲ್ಲ. ಎಲ್ಲಾದರೂ ಸ್ವಿಮ್ಮಿಂಗ್ ಪೂಲ್ ಸಿಗುತ್ತಾ ನೋಡಿ."

"ನಮ್ಮ ಮನೇಲೇ ಇದೆ" ಎಂದಳು ಗಿರಿಜಾ.

ಮೇಡಂ ನನ್ನ ಅಂಗಿಯ ಕಾಲರನ್ನೊಮ್ಮೆ ನೋಡಿದರು. ಈಜುಕೊಳ ಇಟ್ಟುಕೊಂಡವರ ಕಾಲರ್ ಅಲ್ಲ ಅದು.

ಇದ್ದದ್ದು ಹಿತ್ತಲಿನ ತೊಟ್ಟಿ. ಬಡಾವಣೆ ಆಗುವ ಮುಂಚೆ ಅಲ್ಲಿ ತರಕಾರಿ ತೋಟವಿತ್ತು. ಬಾವಿಯ ನೀರು ತುಂಬಿಸಿಡಲು ಕಟ್ಟಿದ್ದ ಕಲ್ಲಿನ ತೊಟ್ಟಿ ನಮ್ಮ ಸೈಟಿನೊಳಗೆ ಉಳಿದುಕೊಂಡಿತು. ಇಪ್ಪತ್ತಡಿ ಉದ್ದ, ಹತ್ತಡಿ ಅಗಲ, ನಾಲ್ಕಡಿ ಆಳ, ಒಂದು ಮೂಲೆಯಲ್ಲಿ ನಾಲ್ಕು ಮೆಟ್ಟಿಲು. ಸುತ್ತಲಿನ ಮಕ್ಕಳು ಅದನ್ನು ಸ್ವಿಮ್ಮಿಂಗ್ ಪೂಲ್ ಎಂದೇ ಕರೆಯುತ್ತಿದ್ದರು. ಅದನ್ನು ಕಟ್ಟಿಸಿದ್ದು ಕುರುಬರಹಳ್ಳಿಯ ಚಿಕ್ಕಣ್ಣನ ತಂದೆ. ಚಿಕ್ಕಣ್ಣ ಈಗ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ನಾವು ಮನೆ ಕಟ್ಟಿಸುವಾಗ ಬಂದು, "ತೊಟ್ಟಿ ಒಡೀಬೇಡಿ ಸಾರ್, ನಾನು ಈಜು ಕಲಿತಿದ್ದು ಇದ್ರಲ್ಲೇ" ಎಂದು ಕೇಳಿಕೊಂಡಿದ್ದ. ಹಾಗಾಗಿ ಅದು ಉಳಿಯಿತು.

ಮೊದಲ ಹದಿನೈದು ದಿನ ಚಿಕ್ಕಣ್ಣ ಒಂದು ಕಡೆ, ಗಿರಿಜಾ ಒಂದು ಕಡೆ ಹಿಡಿದು ನೀರಿಗೆ ಇಳಿಸಿದರು. ಬೆಳಿಗ್ಗೆ ಏಳಕ್ಕೆ, ಅವಳ ಅಡುಗೆ, ಶಾಲೆ, ಅವನ ಶಿಫ್ಟು ಎಲ್ಲದರ ನಡುವೆ. ಅವನಿಗೆ ಫಸ್ಟ್ ಶಿಫ್ಟು ಬಂದ ವಾರ ನೀರಿಗಿಳಿಯಲಾಗಲಿಲ್ಲ. ಆ ಒಂದು ವಾರದಲ್ಲಿ ಕಾಲಿಗೆ ಬಂದಿದ್ದ ಬಲ ಹಿಂದಕ್ಕೆ ಹೋಯಿತು. ಇನ್ನು ಮೂರು ತಿಂಗಳಲ್ಲಿ ನಡೆಯದಿದ್ದರೆ ಕೆಲಸ ಉಳಿಯುವುದಿಲ್ಲವೆಂದು ಕಚೇರಿಯ ಪತ್ರ ಬಂದಿತ್ತು.

"ಒಂದು ಕಂಬಿ ಹಾಕ್ಬಿಡೋಣ ಸಾರ್" ಎಂದ ಚಿಕ್ಕಣ್ಣ. "ಟೀಚರಮ್ಮಂಗೆ ಶಾಲೆ, ನಂಗೆ ಶಿಫ್ಟು. ಕಂಬಿಗೆ ರಜಾನೇ ಇಲ್ಲ."

ಒಂದು ಭಾನುವಾರ ಅವರಿಬ್ಬರೂ ನನ್ನನ್ನು ಎತ್ತಿ ಮೆಟ್ಟಿಲ ಬಳಿ ನಿಲ್ಲಿಸಿದರು. ಅಂಗಿಗೆ ಅಳತೆ ತೆಗೆಯುವ ದರ್ಜಿಯಂತೆ ಚಿಕ್ಕಣ್ಣ ನನ್ನ ಮಣಿಕಟ್ಟು ನೆಲದಿಂದ ಎಷ್ಟೆತ್ತರ ಎಂದು ಟೇಪಿನಲ್ಲಿ ಅಳೆದ. ಮುಷ್ಟಿ ಪೂರ್ತಿ ಸುತ್ತುವಷ್ಟು ದಪ್ಪದ ಜಿ.ಐ. ಪೈಪು. ಗೋಡೆಗೂ ಪೈಪಿಗೂ ನಡುವೆ ಬೆರಳು ಸಿಕ್ಕಿಕೊಳ್ಳದಷ್ಟು ಜಾಗ. ಮೇಲಿನ ಮೆಟ್ಟಿಲಿಗಿಂತ ಒಂದು ಹೆಜ್ಜೆ ಮುಂಚೆಯೇ ಶುರುವಾಗಿ, ಕೆಳಗಿನ ಮೆಟ್ಟಿಲಿಗಿಂತ ಒಂದು ಹೆಜ್ಜೆ ಆಚೆಗೆ ಮುಗಿಯಬೇಕು. "ಬೀಳೋದು ಮೆಟ್ಟಿಲ ಮೇಲಲ್ಲ ಸಾರ್. ಮೆಟ್ಟಿಲು ಮುಗೀತು ಅಂದ್ಕೊಂಡಾಗ" ಎಂದ. ಬಾವಿಯ ಪಂಪಿಗೆ ಹೋಗುತ್ತಿದ್ದ ಕರೆಂಟಿನ ವೈರನ್ನು ಮನೆಯ ಇನ್ನೊಂದು ಬದಿಗೆ ಸರಿಸಿದ. ಒದ್ದೆ ಕೈ, ಕಬ್ಬಿಣ, ಕರೆಂಟು ಹತ್ತಿರ ಇರಬಾರದು. ಮೆಟ್ಟಿಲ ಪಾಚಿಯನ್ನು ತೆಂಗಿನ ನಾರು ಹಾಕಿ ಉಜ್ಜಿದ. ಸಿಮೆಂಟಿಗೆ ಪರ್ಮಿಟ್ಟು ಬೇಕು, ಅರ್ಜಿ ಹಾಕಿ ಕಾಯಬೇಕು. ಅಣ್ಣನ ಮನೆ ಕಟ್ಟಿ ಉಳಿದಿದ್ದನ್ನು ಸೀಮೆಎಣ್ಣೆ ಡಬ್ಬದಲ್ಲಿ ತಂದ. ತೊಟ್ಟಿಯ ಅಂಚಿನ ಚಪ್ಪಡಿಗಳ ಸಂದಿಯಲ್ಲಿ ಗುಂಡಿ ತೋಡಿ ಮೂರು ಕಾಲುಗಳನ್ನು ನಿಲ್ಲಿಸಿ, ಸಿಮೆಂಟು ತುಂಬಿ, ಬುಡಕ್ಕೆ ಒದ್ದೆ ಗೋಣಿ ಸುತ್ತಿದ.

"ಏಳು ದಿನ ಮುಟ್ಟಬೇಡಿ. ನಾನೇ ಬಂದು ನೀರು ಹಾಕ್ತೀನಿ. ಟೀಚರಮ್ಮ, ಸಾರ್ ಮೇಲೆ ಒಂದು ಕಣ್ಣಿರ್ಲಿ."

ಮರುದಿನ ಶ್ರಾವಣ ಸೋಮವಾರ. ಗಿರಿಜಾ ಲಿಂಗಪೂಜೆ ಮುಗಿಸಿ ತಟ್ಟೆ ಹಿಡಿದು ಹಿತ್ತಲಿಗೆ ಬಂದಳು. ಮನೆಗೆ ಹೊಸ ಹೊಲಿಗೆ ಯಂತ್ರ ಬಂದರೂ, ರುಬ್ಬುವ ಕಲ್ಲು ಬಂದರೂ ಪೂಜೆಯಿಲ್ಲದೆ ಬಳಸುವುದು ನಮ್ಮಲ್ಲಿಲ್ಲ. ಕಂಬಿಗೆ ಮೂರು ಬೆರಳಿನ ವಿಭೂತಿ ಎಳೆದು, ಸೇವಂತಿಗೆ ಹೂವಿನ ತುಂಡು ಮಾಲೆ ಸುತ್ತಿ, ಊದುಬತ್ತಿ ಬೆಳಗಿದಳು. ನನ್ನನ್ನು ಕುರ್ಚಿ ಸಮೇತ ಎಳೆದು ತಂದು ಪಕ್ಕದಲ್ಲಿ ಕೂರಿಸಿದಳು.

"ಪೂಜೆ ಆದ್ಮೇಲೆ ಹಂಗೇ ಬಿಡಬಾರ್ದು ರೀ. ಶಾಸ್ತ್ರಕ್ಕೆ ಒಂದು ಸಲ ಮುಟ್ಟಿ."

ಮುಟ್ಟಿದೆ. ತಣ್ಣಗಿತ್ತು. ಬಿಸಿಲಿಗೆ ಸ್ವಲ್ಪ ಹೊತ್ತು ಇಲ್ಲೇ ಕೂತಿರುತ್ತೇನೆ ಎಂದೆ. ಹನ್ನೊಂದಕ್ಕೆ ಗೋಣಿಗೆ ನೀರು ಹಾಕಲು ಚಿಕ್ಕಣ್ಣ ಬರುವವನಿದ್ದ, ನನ್ನನ್ನು ಒಳಗೆ ಬಿಡುತ್ತಾನೆಂದು ಅವಳು ಒಪ್ಪಿ ಶಾಲೆಗೆ ಹೋದಳು.

ಮುಂದಿನದನ್ನು ಇದ್ದದ್ದು ಇದ್ದ ಹಾಗೆ ಬರೆಯಬೇಕು. ಏಳು ದಿನ ಎಂದದ್ದು ನಾನು ಕೇಳಿಸಿಕೊಂಡಿದ್ದೆ. ಸಿಮೆಂಟ್ ಒಣಗಿಲ್ಲವೆಂದು ಗೊತ್ತಿತ್ತು. ಆದರೆ ಶಾಸ್ತ್ರಕ್ಕೆ ಒಮ್ಮೆ ಮುಟ್ಟಿದ್ದು ನನ್ನ ತಲೆಯಲ್ಲಿ ಅಪ್ಪಣೆಯಾಗಿ ಬದಲಾಯಿತು. ಪೂಜೆ ಆಗಿದೆ, ಮುಟ್ಟಿಯಾಗಿದೆ, ಎಂದರೆ ಕಂಬಿ ಬಳಕೆಗೆ ಬಂದಾಗಿದೆ. ಒಂದೇ ಮೆಟ್ಟಿಲು ನೋಡೋಣ. ಇವತ್ತಿನ ಪುಟ ಇವತ್ತೇ ಹೋಗಬೇಕೆಂಬ ಕಚೇರಿಯ ಅಭ್ಯಾಸವೂ ಅದರ ಜೊತೆ ಸೇರಿತು. ಯಾರೂ ಹಿಡಿಯದೆ ಎದ್ದು ನಿಂತು ಐದು ತಿಂಗಳಾಗಿತ್ತು.

ಎದ್ದೆ. ನಿಂತೆ. ಒಂದು ಮೆಟ್ಟಿಲು ಇಳಿದೆ. ಎರಡು. ಮೂರನೆಯದರಲ್ಲಿ ಎಡಗಾಲು ಮಡಿಸಿಕೊಂಡಿತು, ಮೈಭಾರವೆಲ್ಲ ಕಂಬಿಯ ಮೇಲೆ ಬಿತ್ತು.

ಕಂಬಿ ನನ್ನ ಜೊತೆಯಲ್ಲೇ ಬಂತು.

ಮುಳುಗಿದೆ. ನೀರು ಕುಡಿದೆ. ಕೈಗಳಿಂದ ತಳವನ್ನು ನೂಕಿ ಹೇಗೋ ಮೇಲೆ ಬಂದು ಮೆಟ್ಟಿಲಿಗೆ ತಗುಲಿಕೊಂಡೆ. ಕೆಳಗಿನ ಮೆಟ್ಟಿಲ ಮೇಲೆ ಕೂತರೆ ನೀರು ಕತ್ತಿನವರೆಗೆ. ಹತ್ತಲು ಕಾಲಿಲ್ಲ, ಹಿಡಿಯಲು ಏನೂ ಇಲ್ಲ. ಕೂಗಿದೆ. ಖಾಲಿ ಸೈಟುಗಳಲ್ಲಿ ಮೇಯುತ್ತಿದ್ದ ಒಂದು ಹಸು ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿತು. ಹೂವಿನ ಮಾಲೆ ನೀರಿನ ಮೇಲೆ ತೇಲುತ್ತಿತ್ತು. ಸುಮಾರು ಒಂದು ಗಂಟೆ ಹಾಗೆಯೇ ಇದ್ದೆ. ಒಬ್ಬನೇ ಇರುವುದು ನನಗೆ ರೂಢಿಯಾಗಿದೆ ಎಂದುಕೊಂಡಿದ್ದೆ. ಆಗಿರಲಿಲ್ಲ. ಐದು ತಿಂಗಳು ಒಳಗೇ ಹಿಡಿದಿಟ್ಟಿದ್ದ ಅಳು ಅಲ್ಲಿ ಬಂತು. ಮುಖ ಹೇಗೂ ಒದ್ದೆಯಾಗಿತ್ತು.

ಚಿಕ್ಕಣ್ಣ ಬಿಂದಿಗೆ ಹಿಡಿದು ಬಂದವನು ನನ್ನನ್ನು ನೋಡಿದ, ಕಿತ್ತು ಬಂದ ಕಂಬಿಯನ್ನು ನೋಡಿದ.

"ಏನ್ ಸಾರ್, ಗೋಣಿ ಜೊತೆ ನೀವೂ ನೆನೀತಾ ಇದೀರಾ?"

ಕೂಡಲೇ ಬಟ್ಟೆ ಸಮೇತ ನೀರಿಗಿಳಿದು ನನ್ನನ್ನು ಎತ್ತಿದ. ಒಳಗೆ ಮಲಗಿಸಿ, ಮೈ ಒರೆಸಿ, ಎರಡು ಕಂಬಳಿ ಹೊದಿಸಿದ. ಅವತ್ತು ಶಿಫ್ಟಿಗೆ ಹೋಗಲಿಲ್ಲ, ಗಿರಿಜಾ ಬರುವವರೆಗೂ ಹೊಸ್ತಿಲ ಮೇಲೆ ಕೂತಿದ್ದ.

"ನಾನೇ ಮುಟ್ಟಿ ಅಂದೆ" ಎಂದಳು ಗಿರಿಜಾ, ಎಲ್ಲ ಕೇಳಿದ ಮೇಲೆ.

"ನೀನು ಮುಟ್ಟು ಅಂದೆ. ಇಳಿ ಅನ್ನಲಿಲ್ಲ" ಎಂದೆ. "ತಪ್ಪು ನಂದು."

"ನಂದೂ ಇದೆ" ಎಂದ ಚಿಕ್ಕಣ್ಣ. "ಪೈಪಿನ ಬುಡ ನೆಟ್ಟಗೆ ಬಿಟ್ಟಿದ್ದೆ. ಒಣಗಿದ್ರೂ ಒಂದಿನ ಕಿತ್ತು ಬರ್ತಿತ್ತು."

ಮೂರು ದಿನ ಜ್ವರ, ಕೆಮ್ಮು. ಎದೆಗೆ ಇಳಿದರೆ ಮತ್ತೆ ವಾರ್ಡೇ ಎಂದರು ಡಾಕ್ಟರು. ಕತ್ತಲಾದ ಕೋಣೆಯಲ್ಲಿ ಗಿರಿಜಾ, "ಎಣಿಸಿ" ಎಂದಳು. ಎಣಿಸಿದೆ. ಇಪ್ಪತ್ತಾರು. "ಇನ್ನೊಂದ್ಸಲ" ಎಂದಳು. ಇಪ್ಪತ್ತೆಂಟು. ಅವಳು ಹೋಗಿ ಒಲೆಯ ಮೇಲೆ ಗಂಜಿಗಿಟ್ಟಳು.

ಎರಡನೆಯ ಸಲ ಚಿಕ್ಕಣ್ಣ ಅವಸರ ಮಾಡಲಿಲ್ಲ. ಸಂದಿಯನ್ನು ಬಿಟ್ಟು ಕಲ್ಲು ಚಪ್ಪಡಿಯನ್ನೇ ಚಾಣದಿಂದ ಕೊರೆದು ಒಂದಡಿ ಆಳದ ಗುಂಡಿ ತೋಡಿದ. ಮೂರು ಗುಂಡಿಗೆ ಮೂರು ಭಾನುವಾರ. ಪೈಪಿನ ಬುಡವನ್ನು ಮೀನಿನ ಬಾಲದಂತೆ ಸೀಳಿ ಎರಡು ಕಡೆಗೆ ಬಾಗಿಸಿದ. ಏಳು ದಿನವಲ್ಲ, ಇಪ್ಪತ್ತೊಂದು ದಿನ ಎಂದ. ಅಷ್ಟು ದಿನವೂ ಕಂಬಿಗೆ ಗೋಣಿ ಮುಚ್ಚಿ ಹಗ್ಗ ಬಿಗಿದಿದ್ದ, ಗಂಟು ನನಗೆ ಬಿಚ್ಚಲಾಗದ ಹಾಗೆ. ಇಪ್ಪತ್ತೆರಡನೆಯ ದಿನ ತನ್ನ ತಮ್ಮನನ್ನು ಕರೆತಂದ. ಇಬ್ಬರೂ ಸೇರಿ ಅದಕ್ಕೆ ಜೋತುಬಿದ್ದು ಎಳೆದಾಡಿದರು. ಅಲ್ಲಾಡಲಿಲ್ಲ. "ಈಗ ಪೂಜೆ ಮಾಡಿ ಟೀಚರಮ್ಮ" ಎಂದ.

ಅಂದಿನಿಂದ ಒಂದು ನಿಯಮ: ಕಂಬಿಯಿದ್ದರೂ, ಕೂಗಿದರೆ ಕೇಳುವಷ್ಟು ಹತ್ತಿರ ಯಾರಾದರೂ ಇರಬೇಕು. ಬೆಳಗಿನ ಏಳು ಗಂಟೆ ಹೋಗಿ ಸಂಜೆ ಐದೂವರೆ ಬಂತು. ಇಳಿಯುತ್ತೇನೆ, ತೊಟ್ಟಿಯ ಉದ್ದಕ್ಕೂ ಹೋಗಿ ಬರುತ್ತೇನೆ, ಹತ್ತುತ್ತೇನೆ. ಗಿರಿಜಾ ಅಡುಗೆಮನೆಯ ಕಿಟಕಿಯಿಂದ ನೋಡುತ್ತಾಳೆ. ಚಿಕ್ಕಣ್ಣ ಈಗ ಬರುವುದು ಭಾನುವಾರ ಮಾತ್ರ. ಕಚೇರಿಗೆ ದೀಪಾವಳಿಯ ನಂತರ ಹೋಗಿ ಸೇರಿಕೊಂಡೆ, ಕೋಲು ಹಿಡಿದು, ದಿನಕ್ಕೆ ನಾಲ್ಕು ಗಂಟೆಯ ಕೆಲಸಕ್ಕೆ. ಎಡ ಪಾದ ಇನ್ನೂ ಎಳೆಯುತ್ತದೆ. ಅದು ಹಾಗೆಯೇ ಉಳಿಯಬಹುದೆಂದು ಡಾಕ್ಟರು ಹೇಳಿದ್ದಾರೆ.

ಒಂದು ಸಂಗತಿ ಮಾತ್ರ ನಾನು ಮೊದಲೇ ಯೋಚಿಸಿರಲಿಲ್ಲ. ಕಂಬಿ ಬಂದ ಮೇಲೆ ಯಾರೂ ನನ್ನನ್ನು ಹಿಡಿಯುವುದಿಲ್ಲ. ಹಿಡಿಯಬೇಕಾಗಿಲ್ಲ. ಆ ಹದಿನೈದು ದಿನ ಎರಡು ಕಡೆ ಎರಡು ತೋಳುಗಳಿದ್ದವು. ಒಂದರಲ್ಲಿ ಮಷೀನ್ ಎಣ್ಣೆಯ ವಾಸನೆ, ಇನ್ನೊಂದರಲ್ಲಿ ಒಗ್ಗರಣೆಯದು. ನಾನು ಅವಲಂಬನೆ ಎಂದು ನಾಚಿಕೊಂಡದ್ದನ್ನು ಈಗ ಬೇರೆ ಹೆಸರಿನಿಂದ ನೆನೆಯುತ್ತೇನೆ. ಪೈಪು ಗಟ್ಟಿಯಾಗಿದೆ, ತಣ್ಣಗಿದೆ, ಕರೆದರೆ ಓಗೊಡುವುದಿಲ್ಲ.

ಮೊನ್ನೆ ಸಂಜೆ ನೀರಿನಲ್ಲಿದ್ದೆ. ಇದನ್ನು ಗಿರಿಜಾಗೆ ಹೇಳಲು ಹೋಗಿ, ಹೇಗೆ ಹೇಳುವುದೆಂದು ತಿಳಿಯದೆ ಸುಮ್ಮನೆ ಅವಳ ಹೆಸರು ಕೂಗಿದೆ. ಸೌಟು ಹಿಡಿದುಕೊಂಡೇ ಓಡಿ ಬಂದಳು.

"ಏನಾಯ್ತು? ಹಿಡ್ಕೋಬೇಕಾ?"

"ಬೇಡ. ಇಲ್ಲೇ ಸ್ವಲ್ಪ ಹೊತ್ತು ಕೂತಿರು."

"ಸಾರು ಕುದೀತಿದೆ ರೀ" ಎಂದಳು. ಒಳಗೆ ಹೋಗಿ ಒಲೆ ಆರಿಸಿ ಬಂದಳು. ಸೀರೆ ಮಂಡಿಯವರೆಗೆ ಎತ್ತಿಕೊಂಡು, ಮೇಲಿನ ಮೆಟ್ಟಿಲ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟಳು. ನಾನು ತೊಟ್ಟಿಯ ಆ ತುದಿಯವರೆಗೆ ನಡೆದು ತಿರುಗಿದೆ. ಅವಳು ಅಲ್ಲೇ ಇದ್ದಳು. ಅವಳ ಕಡೆಗೆ ನಡೆದೆ.