ಹುರಿದ ಮೆಂತ್ಯದ ವಾಸನೆ

ನಮ್ಮ ಬಡಾವಣೆಯ ವ್ಯಾಪಾರಿಗಳ ಸಂಘದವರು ಒಂದು ಭಾನುವಾರ ಬೆಳಗ್ಗೆ ಸಮುದಾಯ ಭವನದಲ್ಲಿ ನಮ್ಮನ್ನೆಲ್ಲ ಕೂರಿಸಿದ್ದರು. ವ್ಯಾಪಾರ ಕುಸಿದ ಕಾಲದಲ್ಲಿ ಅಂಗಡಿಯವರು ತಮ್ಮ ಮೈ ಮನಸ್ಸು ಕಾಪಾಡಿಕೊಳ್ಳುವುದು ಹೇಗೆಂದು ಹೇಳಿಕೊಡಲು ಹೆಬ್ಬಾಳದ ಕಡೆಯಿಂದ ಒಬ್ಬ ಹುಡುಗಿ ಬಂದಿದ್ದಳು. ಒಳ್ಳೆಯವಳೇ, ಆದರೆ ಅಂಗಡಿ ನಡೆಸಿದವಳಲ್ಲ ಎನ್ನುವುದು ಅವಳ ಉಗುರು ನೋಡಿದರೇ ತಿಳಿಯುತ್ತಿತ್ತು. ಚೆನ್ನಾಗಿ ನೀರು ಕುಡಿಯಿರಿ, ಹೊತ್ತಿಗೆ ಸರಿಯಾಗಿ ಮಲಗಿ, ವಾರಕ್ಕೊಂದು ದಿನ ಶಟರ್ ಎಳೆದು ನಿಮಗೋಸ್ಕರ ಬದುಕಿ ಎಂದಳು. ಹಾರ್ಡ್‌ವೇರ್ ಅಂಗಡಿಯವರು, "ಶಟರ್ ಎಳೆದ್ರೆ ನಮ್ಗೆ ಇರೋ ನಿದ್ದೆನೂ ಹೋಗುತ್ತೆ ಮೇಡಂ" ಎಂದರು. ಎಲ್ಲರೂ ನಕ್ಕರು.

"ಸರಿ, ಈಗ ಎಲ್ರೂ ಕಣ್ ಮುಚ್ಕೊಳ್ಳಿ. ಕೈಯಲ್ಲಿ ಒಂದು ಮಲ್ಲಿಗೆ ಹೂ ಇದೆ ಅಂದ್ಕೊಳ್ಳಿ. ಅದರ ವಾಸನೆ ತಗೊಳ್ಳೋ ಹಾಗೆ ನಿಧಾನಕ್ಕೆ ಉಸಿರು ಎಳ್ಕೊಳ್ಳಿ" ಎಂದಳು ಹುಡುಗಿ.

ನಾನು ಕಣ್ಣು ಮುಚ್ಚಿದೆ. ಅಂದುಕೊಳ್ಳಬೇಕಾದ ಅಗತ್ಯವೇ ಇರಲಿಲ್ಲ, ನನ್ನ ಮುಡಿಯಲ್ಲೇ ಒಂದು ಮೊಳ ನಿಜವಾದ ಮಲ್ಲಿಗೆ ಇತ್ತು. ಎಷ್ಟು ಎಳೆದುಕೊಂಡರೂ ಮೂಗಿನೊಳಗೆ ಹೋದದ್ದು ಬರೀ ಗಾಳಿ. ಆ ಹುಡುಗಿಯ ಮೇಲೆ ಸುಮ್ಮಸುಮ್ಮನೆ ಸಿಟ್ಟು ಬಂತು. ಎದ್ದು ಹೊರಗೆ ಬಂದು ಚಪ್ಪಲಿ ಮೆಟ್ಟಿದೆ.

ಶೆಟ್ಟಿಹಳ್ಳಿಯ ಹಳೆಯ ಬೀದಿಯಲ್ಲಿ ನಮ್ಮದು ಪುಡಿಗಳ ಅಂಗಡಿ. ಹುಳಿ ಪುಡಿ, ಸಾರಿನ ಪುಡಿ, ಚಟ್ನಿ ಪುಡಿ. ಮುಂದೆ ಅಂಗಡಿ, ಹಿಂದೆ ಮನೆ, ಮಹಡಿಯಲ್ಲಿ ಬಾಡಿಗೆಯವರು. ಅತ್ತೆ ಶುರು ಮಾಡಿದ್ದು, ನನ್ನ ಕೈಗೆ ಬಂದು ವರ್ಷಗಳೇ ಆದವು. ಅವರು ಹಾಕಿಕೊಟ್ಟ ನಿಯಮ ಒಂದೇ: ಪುಡಿಯನ್ನು ನಾಲಿಗೆಗೆ ಮುಟ್ಟಿಸಬಾರದು. ಜನ ಅದನ್ನು ಹಬ್ಬಕ್ಕೂ ನೈವೇದ್ಯದ ಅಡುಗೆಗೂ ಕೊಂಡುಹೋಗುತ್ತಾರೆ, ಎಂಜಲಾಗಬಾರದು. ಹದವನ್ನು ಮೂಗಿನಿಂದಲೇ ತಿಳಿಯಬೇಕು. ಮೆಂತ್ಯ ಬಾಣಲೆಯಲ್ಲಿ ಕೆಂಪಾಗುವ ಮುಂಚೆಯೇ ಒಂದು ವಾಸನೆ ಕೊಡುತ್ತದೆ. ಅದು ಬಂದ ತಕ್ಷಣ ಇಳಿಸಬೇಕು. ಬಣ್ಣ ನೋಡಿ ಇಳಿಸುತ್ತೇನೆ ಎಂದು ಕಾದರೆ ಬಾಣಲೆಯ ಕಾವಿಗೇ ಅದು ಮುಂದಕ್ಕೆ ಹೋಗಿ ಕಹಿಯಾಗಿರುತ್ತದೆ. ನಾನು ಅಂಗಡಿಯಲ್ಲಿ ಗಿರಾಕಿಯ ಜೊತೆ ಹರಟುತ್ತಲೇ ಒಳಗಿನ ಬಾಣಲೆಯ ಹದ ಹೇಳುತ್ತಿದ್ದವಳು. ಅದರ ಬಗ್ಗೆ ನನಗೆ ಜಂಬವೂ ಇತ್ತು.

ಆಮೇಲೆ ಒಂದು ಜ್ವರ ಬಂತು. ಮನೆಯಲ್ಲಿದ್ದ ಇಬ್ಬರೂ, ನಾನೂ ನನ್ನ ಯಜಮಾನರೂ, ಒಟ್ಟಿಗೇ ಮಲಗಿದೆವು. ಅವರು ಕಾರ್ಖಾನೆಯಿಂದ ನಿವೃತ್ತರಾಗಿ ಮನೆಯಲ್ಲೇ ಇದ್ದರು. ಜ್ವರ ಬಿಟ್ಟ ಮೇಲೆ ಕಾಫಿ ಕುಡಿದರೆ ಸಕ್ಕರೆ ಹಾಕಿದ ಬಿಸಿನೀರು ಕುಡಿದ ಹಾಗಿತ್ತು. ಜ್ವರದ ಬಾಯಿ, ಸರಿಹೋಗುತ್ತದೆ ಎಂದುಕೊಂಡೆ. ಮೆಣಸಿನಕಾಯಿ ಹುರಿದಾಗ ಘಾಟಿಗೆ ಕಣ್ಣಲ್ಲಿ ನೀರು ಬಂತು, ಕೆಮ್ಮು ಬಂತು, ವಾಸನೆ ಮಾತ್ರ ಬರಲಿಲ್ಲ.

ಯಲಹಂಕದ ಡಾಕ್ಟರು ಮೂಗಿನೊಳಗೆ ಬೆಳಕು ಬಿಟ್ಟು ನೋಡಿದರು. "ನೋಡೀಮ್ಮಾ, ಬರಬಹುದು, ಬರದೇನೂ ಇರಬಹುದು. ಹೊಗೆ, ಘಾಟು, ಪುಡಿ, ಇವುಗಳಿಂದ ಒಂದಷ್ಟು ತಿಂಗಳು ದೂರ ಇರಿ. ಲವಂಗ, ನಿಂಬೆಹಣ್ಣು, ಗುಲಾಬಿ, ನೀಲಗಿರಿ ಎಣ್ಣೆ, ದಿನಾ ಬೆಳಿಗ್ಗೆ ಸಂಜೆ ಒಂದೊಂದನ್ನೇ ಮೂಸಿ ನೋಡಿ. ಮೂಗಿಗೆ ಮತ್ತೆ ಪಾಠ ಕಲಿಸಬೇಕು" ಎಂದರು.

ಹೊಗೆ, ಘಾಟು, ಪುಡಿ. ಅದನ್ನು ಬಿಟ್ಟರೆ ನನ್ನ ಬದುಕಿನಲ್ಲಿ ಇದ್ದದ್ದಾದರೂ ಏನು?

ಆಗ ಬೇಸಿಗೆ. ಹೊಸ ಬ್ಯಾಡಗಿ ಬಂದಿತ್ತು, ಮನೆಮನೆಯವರೂ ವರ್ಷದ ಪುಡಿ ಮಾಡಿಸುವ ಕಾಲ. ಹೊರಗೆ ನೋಡಿದರೆ ಕಾಲಿಂಗ್ ಬೆಲ್ ಒತ್ತಿ ಹತ್ತು ನಿಮಿಷದಲ್ಲಿ ಪುಡಿಯ ಪ್ಯಾಕೆಟ್ ಕೊಟ್ಟುಹೋಗುವ ಬೈಕುಗಳು. ನಮ್ಮ ಬೀದಿಯಲ್ಲಿ ಬೀಗ ಹಾಕಿದ ಅಂಗಡಿಗಳು ಆಗಲೇ ಮೂರು ನಾಲ್ಕಾಗಿದ್ದವು. ಇಂಥ ಹೊತ್ತಿನಲ್ಲಿ ಕೆಲವು ತಿಂಗಳು ಮುಚ್ಚಿದರೆ ಜನರ ಕಾಲು ಬೇರೆ ದಾರಿಯನ್ನು ರೂಢಿ ಮಾಡಿಕೊಳ್ಳುತ್ತದೆ. ಹಾಗಾಗಿ ನಾನು ಮುಚ್ಚಲಿಲ್ಲ. ಇಷ್ಟು ವರ್ಷ ಹುರಿದ ಕೈಗೆ ಹದ ಗೊತ್ತಿಲ್ಲವೇ ಎಂದು ಕಣ್ಣಿನ ಅಂದಾಜಿನಲ್ಲೇ ಹುರಿದೆ. ಲವಂಗದ ಡಬ್ಬಿ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇದ್ದರೂ ಮೂಸಲು ಪುರುಸೊತ್ತಾಗಲಿಲ್ಲ. ಯಜಮಾನರು ಮಾತ್ರ ದಿನವೂ ಗೊಣಗುತ್ತಿದ್ದರು, "ನಿನ್ ಆರೋಗ್ಯ ನೋಡ್ಕೊಳ್ಳೇ. ಅಂಗಡಿ ಇರುತ್ತೆ, ಎಲ್ಲೂ ಓಡೋಗಲ್ಲ."

ಅಂಗಡಿ ಓಡಿಹೋಗಲಿಲ್ಲ, ಗಿರಾಕಿಗಳು ಹೋದರು. ನಮ್ಮ ಬಡಾವಣೆಯ ಜನ ಮಹಾ ಮರ್ಯಾದಸ್ಥರು. ಚೆನ್ನಾಗಿಲ್ಲ ಎಂದು ಒಬ್ಬರೂ ಬಾಯಿ ಬಿಡಲಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬಾಕೆ, "ನಮ್ಮನೇಲಿ ಈಗ ಹುಳಿ ಮಾಡೋದೇ ಕಮ್ಮಿ ಕಣ್ರೀ, ಎಲ್ರೂ ಚಪಾತಿ ಪಲ್ಯ ಅಂತಾರೆ" ಎಂದರು. ಇನ್ನೊಬ್ಬರು ಅಕ್ಕ ಕಳಿಸಿದ ಪುಡಿ ಇನ್ನೂ ಇದೆ ಎಂದರು. ಮತ್ತೊಬ್ಬರು ನನ್ನನ್ನು ಕಂಡರೆ ರಸ್ತೆಯ ಆ ಬದಿಗೆ ದಾಟತೊಡಗಿದರು. ನಾನು ಬೈಕುಗಳನ್ನು ಬೈದುಕೊಂಡು ಕೂತೆ.

ಕೊನೆಗೆ ಹೇಳಿದ್ದು ಹಳೇ ಊರಿನ ಒಬ್ಬ ಅಜ್ಜಿ. ಶೆಟ್ಟಿಹಳ್ಳಿ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇರುವವಳು. ಕೊಂಡುಹೋಗಿದ್ದ ಪೊಟ್ಟಣವನ್ನು ತಂದು ಕಟ್ಟೆಯ ಮೇಲೆ ಕುಕ್ಕಿದಳು.

"ಯಾಕವ್ವಾ ಇಂಗ್ ಮಾಡ್ತಾ ಇದೀಯ? ಬರೀ ಕಯ್ಯಿ. ನಮ್ ಮೊಮ್ಮಕ್ಳು ಬಾಯಿಗಿಕ್ಕಲ್ಲ. ಓದ್ಸಲನೂ ಇಂಗೇ ಇತ್ತು."

"ಹೋದ ಸಲಾನೂನಾ? ಹೇಳ್ಬಾರ್ದಿತ್ತಾ ಅಜ್ಜಿ?"

"ನಿಂಗೊತ್ತಿರ್ತದೆ ಅನ್ಕಂಡೆ. ನೀನ್ ತಿನ್ನಾಕಿಲ್ವಾ?"

ಇಲ್ಲ, ನಾವು ತಿನ್ನುತ್ತಿರಲಿಲ್ಲ. ಮಾರಾಟವಾಗದೆ ಉಳಿದ ಹಳೆಯ ಪುಡಿಯೇ ಅಂಗಡಿಯವರ ಮನೆಗೆ. ಡಬ್ಬದಲ್ಲಿ ಜ್ವರಕ್ಕೆ ಮುಂಚೆ ಹುರಿದದ್ದೇ ಇನ್ನೂ ಇತ್ತು. ಅಜ್ಜಿ ಹೋದ ಮೇಲೆ ಆ ಪೊಟ್ಟಣ ಬಿಚ್ಚಿ, ಅತ್ತೆಯ ಫೋಟೋಕ್ಕೆ ಬೆನ್ನು ಹಾಕಿ ನಿಂತು, ಜೀವನದಲ್ಲಿ ಮೊದಲ ಸಲ ಮಾರುವ ಪುಡಿಯನ್ನು ನಾಲಿಗೆಗೆ ಇಟ್ಟುಕೊಂಡೆ. ಮೂಗು ಸತ್ತರೂ ನಾಲಿಗೆಗೆ ಕಹಿ ಗೊತ್ತಾಗುತ್ತದೆ. ಬೇವಿನ ಎಲೆ ಅಗಿದಂತಿತ್ತು. ನಾಲಿಗೆಗೆ ಒಂದು ಚಿಟಿಕೆ ಹಾಕಿಕೊಂಡಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು. ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಯಜಮಾನರು ನನ್ನ ಪಕ್ಕದಲ್ಲೇ ಕೂತರು. "ಅಳಬೇಡ್ವೇ. ಇನ್ಮೇಲೆ ನಾನು ಬಾಣಲೆ ಹತ್ರ ನಿಂತ್ಕೋತೀನಿ. ನೀನು ಹುರಿ, ನಾನು ವಾಸನೆ ನೋಡಿ ಹೇಳ್ತೀನಿ. ನೀನು ಬಾಯಿಗೆ ಬಟ್ಟೆ ಕಟ್ಕೊಂಡು, ಆ ಲವಂಗ ನಿಂಬೆಹಣ್ಣು ಎಲ್ಲಾ ಸರಿಯಾಗಿ ಮೂಸು. ಎರಡೂ ನಡೀಲಿ" ಎಂದರು.

ಆ ಕೆಲವು ವಾರ ನಾನು ಸುಖವಾಗಿದ್ದೆ ಎಂದೇ ಹೇಳಬೇಕು. ಬೆಳಗ್ಗೆ ಎದ್ದು ಕಿಟಕಿಯ ಬಳಿ ಕೂತು ನಾಲ್ಕನ್ನೂ ಒಂದೊಂದಾಗಿ ಮೂಸುತ್ತಿದ್ದೆ. ಏನೂ ಬರುತ್ತಿರಲಿಲ್ಲ, ಆದರೂ ಯಾರೋ ನನ್ನನ್ನು ನೋಡಿಕೊಳ್ಳುತ್ತಿದ್ದಾರೆ ಎನಿಸುತ್ತಿತ್ತು. ಆಮೇಲೆ ಹುರಿಯಲು ನಿಂತರೆ ಅವರು ಪಂಚೆ ಎತ್ತಿಕಟ್ಟಿ ಬಾಣಲೆಯ ಮೇಲೆ ಬಗ್ಗಿ, "ಈಗ ಬಂತು ನೋಡು! ಘಮ್ ಅಂತಿದೆ. ಇಳಿಸು ಇಳಿಸು" ಎನ್ನುವರು. ನಾನು ಇಳಿಸುವೆ. ಮೆಂತ್ಯ ಇನ್ನೂ ಹಳದಿಯಾಗಿಯೇ ಇದೆಯಲ್ಲ ಎನಿಸುತ್ತಿತ್ತು. ಪುಡಿ ಮಾಡಿ ಮರೆಯಲ್ಲಿ ನಾಲಿಗೆಗಿಟ್ಟರೆ ಕಹಿ ಇಲ್ಲ. ಸಾಕಲ್ಲವೇ? ಕರೆದು ಕರೆದು ಎಲ್ಲರಿಗೂ ಒಂದೊಂದು ಪೊಟ್ಟಣ ಕೊಟ್ಟೆ. ಒಬ್ಬರೂ ಇನ್ನೊಂದು ಕೇಳಲು ಬರಲಿಲ್ಲ. ಅಜ್ಜಿಯನ್ನು ಬೀದಿಯಲ್ಲಿ ತಡೆದು ಕೇಳಿದ್ದಕ್ಕೆ, "ಈಗ ಕಯ್ಯಿ ಇಲ್ಲ, ಆದ್ರೆ ಬರೀ ಅಸಿ ಅಸಿ ವಾಸ್ನೆ ಕಣವ್ವಾ" ಎಂದಳು. ಮುದುಕಿಗೆ ವಯಸ್ಸಾಯಿತು ಎಂದುಕೊಂಡೆ.

ಸಂಘದ ಸಭೆಯಿಂದ ನಾನು ಎದ್ದುಬಂದದ್ದು ಇಂಥ ದಿನಗಳಲ್ಲಿ. ಅದರ ಮಾರನೆಯ ಮಧ್ಯಾಹ್ನ ಒಲೆಯ ಮೇಲೆ ಹಾಲಿಟ್ಟು, ನಾವಿಬ್ಬರೂ ಅಡುಗೆಮನೆಯ ಬಾಗಿಲಲ್ಲೇ ಒಲೆಗೆ ಬೆನ್ನು ಹಾಕಿ, ಮೊರ ಇಟ್ಟುಕೊಂಡು ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದೆವು. ಆ ಹುಡುಗಿ ಮಲ್ಲಿಗೆ ಮೂಸಲು ಹೇಳಿದ್ದನ್ನು ನಾನು ಅಣಕಿಸಿ ತೋರಿಸುತ್ತಿದ್ದೆ. ಅವರು ಜೋರಾಗಿ ನಗುತ್ತಿದ್ದರು. ಆಗ ಮಹಡಿಯ ಮೆಟ್ಟಿಲು ದಡದಡ ಸದ್ದಾಯಿತು. ಬಾಡಿಗೆಯ ಮನೆಯಾಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಓಡಿಬಂದಳು.

"ಆಂಟೀ, ಏನ್ ಸೀದ್ಹೋಗ್ತಿದೆ? ಮೇಲ್ಗಡೆ ಎಲ್ಲಾ ತುಂಬ್ಕೊಂಡಿದೆ! ನಿಮ್ಗೆ ಗೊತ್ತಾಗ್ಲಿಲ್ವಾ ಅಂಕಲ್?"

ಹಾಲು ಬತ್ತಿ, ಪಾತ್ರೆಯ ತಳ ಕರ್ರಗಾಗಿತ್ತು. ಅವಳೇ ಮೊರ ಎಡವಿಕೊಂಡು ಒಳಗೆ ನುಗ್ಗಿ ಒಲೆ ಆರಿಸಿ, ಕಿಟಕಿ ತೆಗೆದು, ನಮ್ಮಿಬ್ಬರ ಮುಖ ನೋಡಿ ಮೇಲೆ ಹೋದಳು. ಯಜಮಾನರು ತಲೆ ತಗ್ಗಿಸಿ ತೊಟ್ಟು ಬಿಡಿಸುತ್ತಲೇ ಇದ್ದರು.

"ರೀ, ನಿಮಗೂ ಇಲ್ವಾ?"

"ಇಲ್ಲ ಕಣೇ."

"ಯಾವಾಗಿಂದ?"

"ನಿನ್ನ ಜೊತೇನೇ. ಆ ಜ್ವರದಿಂದಾನೇ."

"ಮತ್ತೆ ಘಮ್ ಅಂತಿದೆ ಅಂತಿದ್ರಲ್ಲ?"

"ಸೀಯೋದಕ್ಕೆ ಮುಂಚೆ ಇಳಿಸಿದ್ರೆ ಸರಿಹೋಗುತ್ತೆ ಅಂದ್ಕೊಂಡೆ. ಇಬ್ರಿಗೂ ಹೋಗಿದೆ ಅಂದ್ರೆ ನೀನು ಅಂಗಡಿ ಮುಚ್ತಿದ್ದೆ. ಮುಚ್ಚಿದ್ರೆ ನೀನು ಉಳೀತಿರಲಿಲ್ಲ."

ನಿನ್ನ ಆರೋಗ್ಯ ನೋಡಿಕೋ ಎಂದು ನನಗೆ ದಿನವೂ ಗೊಣಗಿದ ಮನುಷ್ಯ ತಾನು ಒಂದು ದಿನವೂ ಡಾಕ್ಟರ ಹತ್ತಿರ ಹೋಗಿರಲಿಲ್ಲ. ಇನ್ನು ಆ ಬಾಣಲೆಯಲ್ಲಿ ಹದ ಬರುವುದಿಲ್ಲ ಎನ್ನುವುದು ನನಗೆ ಅಲ್ಲೇ ಖಚಿತವಾಯಿತು. ನೆಲದ ಮೇಲೆ ಚೆಲ್ಲಿದ್ದ ಮೆಣಸಿನಕಾಯಿಯನ್ನು ಇಬ್ಬರೂ ಸೇರಿ ಮೊರಕ್ಕೆ ತುಂಬಿದೆವು.

ಈಗ ಬೆಳಗ್ಗೆ ಕಿಟಕಿಯ ಬಳಿ ಎರಡು ಕುರ್ಚಿ. ಶಟರ್ ಎಷ್ಟು ಹೊತ್ತಿಗೆ ತೆಗೆದರೂ ಒಂದೇ, ಅವಸರವೇನೂ ಇಲ್ಲ. ನಿನ್ನೆ ನಾನು ನಿಂಬೆಹಣ್ಣನ್ನು ಕುಯ್ದು ಅರ್ಧವನ್ನು ಅವರ ಮೂಗಿಗೆ ಹಿಡಿದೆ.

"ಬಂತಾ?"

"ಹೂಂ, ಬಂತು" ಎಂದವರು, ನನ್ನ ಮುಖ ನೋಡಿ, "ಇಲ್ಲ" ಎಂದರು.